ವಾಲ್ವಿನ ಬೆಳಕು ನೋಡಿ ದುಡ್ಡು ಕೊಡಬೇಡ

ಮಗೂ, ನಿಮ್ಮಮ್ಮ ಮೊನ್ನೆ ಫೋನಿನಲ್ಲಿ ಎಲ್ಲ ಹೇಳಿದಳು. ತಾತನ ರೆಕಾರ್ಡುಗಳನ್ನು ಅಟ್ಟದಿಂದ ಇಳಿಸಿದ್ದೀಯಂತೆ. ಒಂದೊಂದನ್ನೂ ಒರೆಸಿ, ಹೊಸ ಕವರು ಹಾಕಿ, ನಿಲ್ಲಿಸಿ ಇಟ್ಟಿದ್ದೀಯಂತೆ. ಟರ್ನ್‌ಟೇಬಲ್ ಬಂದಾಯಿತು. ಪವರ್ ಆಂಪು, ಸ್ಪೀಕರು ಸ್ನೇಹಿತನ ಮನೆಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ಬಂದವು. ಪ್ರೀಆಂಪ್ ಒಂದು ಬಾಕಿ. ‘ವಾಲ್ವಿನದು ತಗೊಳ್ಳಲೋ, ಸಾಲಿಡ್ ಸ್ಟೇಟ್ ತಗೊಳ್ಳಲೋ, ಮಾಮನನ್ನು ಒಂದು ಮಾತು ಕೇಳು’ ಅಂದೆಯಂತೆ. ಕೇಳಿದ್ದಕ್ಕೆ ನನಗೆ ತುಂಬ ಸಂತೋಷವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಾಲ್ವು ಮೇಲೋ ಟ್ರಾನ್ಸಿಸ್ಟರ್ ಮೇಲೋ ಅನ್ನುವುದು ಮೊದಲು ಕೇಳಬೇಕಾದ ಪ್ರಶ್ನೆಯಲ್ಲ. ಪ್ರೀಆಂಪ್ ನಡುವೆ ಕೂರುವ ಪೆಟ್ಟಿಗೆ. ಒಬ್ಬರಿಂದ ಇಸಿದುಕೊಂಡು ಇನ್ನೊಬ್ಬರಿಗೆ ಕೊಡುವುದು ಅದರ ಕೆಲಸ. ಯಾರಿಂದ ಇಸಿದುಕೊಳ್ಳುತ್ತದೆ, ಎಷ್ಟು, ಯಾರಿಗೆ ಕೊಡಬೇಕು, ಅವರಿಗೆ ಎಷ್ಟು ಬೇಕು, ಇದನ್ನು ತಿಳಿಯದೆ ಆ ಪೆಟ್ಟಿಗೆಯೊಳಗೆ ಗಾಜಿದೆಯೋ ಸಿಲಿಕಾನ್ ಇದೆಯೋ ಅಂತ ಕೇಳಿ ಪ್ರಯೋಜನವಿಲ್ಲ.

ನಾನು ಬೆಸುಗೆ ಕಡ್ಡಿ ಹಿಡಿದದ್ದು 1974ರಲ್ಲಿ, ಚಿಕ್ಕಪೇಟೆಯ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ. ಆಗ ಅಂಗಡಿಗೆ ಬರುತ್ತಿದ್ದ ಸೆಟ್ಟುಗಳಲ್ಲಿ ಅರ್ಧಕ್ಕರ್ಧ ವಾಲ್ವಿನವು: ಮರ್ಫಿ, ಬುಷ್, ಫಿಲಿಪ್ಸ್. ವಾಲ್ವು ಹೋದರೆ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೇ ವಾಲ್ವುಗಳು ತಯಾರಾಗುತ್ತಿದ್ದವು. ಅಂಗಡಿಯ ಗೂಡಿನಲ್ಲಿ ಆ ಪುಟ್ಟ ಕಾಗದದ ಡಬ್ಬಿಗಳು ಸಾಲಾಗಿ ಇರುತ್ತಿದ್ದವು. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಬರೀ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಮನೆಯಿಂದಲೇ ಆಕಾಶವಾಣಿ ನಡೆಸಿದರಲ್ಲ, ಅದೂ ವಾಲ್ವುಗಳ ಬಲದಿಂದಲೇ. ಇದನ್ನೆಲ್ಲ ಹೇಳುವುದು ಯಾಕೆಂದರೆ, ಈ ಗಾಜಿನ ಬುರುಡೆಯ ಮೇಲೆ ನನಗೆ ಪ್ರೀತಿಯಿದೆ. ಮುಂದೆ ನಾನು ಅದಕ್ಕೆ ವಿರುದ್ಧವಾಗಿ ನಾಲ್ಕು ಮಾತು ಹೇಳಿದರೆ ಅದು ದ್ವೇಷದಿಂದ ಬಂದದ್ದಲ್ಲ ಅಂತ ನಿನಗೆ ತಿಳಿದಿರಲಿ.

ಕೆರೆಯ ತೂಬು ನೋಡಿದ್ದೀಯಲ್ಲ. ತೂಬಿನ ಗೂಟವನ್ನು ಒಬ್ಬ ಮನುಷ್ಯ ನಾಲ್ಕು ಬೆರಳು ಎತ್ತಿದರೆ ಸಾಕು, ಕೆರೆಯ ನೀರು ಭೋರ್ಗರೆದು ಕಾಲುವೆಗೆ ಬೀಳುತ್ತದೆ. ಎತ್ತಿದ ಬಲ ಸಣ್ಣದು, ಹರಿದ ನೀರು ದೊಡ್ಡದು. ವಾಲ್ವಿನೊಳಗೆ ನಡೆಯುವುದೂ ಅದೇ. ಹೀಟರ್ ಕೆಂಪಾಗಿ ಕಾದಾಗ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ, 250 ವೋಲ್ಟಿನ ಪ್ಲೇಟು ಅವನ್ನು ಸೆಳೆಯುತ್ತದೆ, ನಡುವೆ ತಂತಿಯ ಜಾಲರಿಯೊಂದು ತೂಬಿನ ಗೂಟದ ಹಾಗೆ ನಿಂತಿರುತ್ತದೆ. ಅದಕ್ಕೆ ಗ್ರಿಡ್ ಅಂತ ಹೆಸರು. ಲೀ ಡಿ ಫಾರೆಸ್ಟ್ 1906ರಲ್ಲಿ ಸೇರಿಸಿದ್ದು ಆ ಜಾಲರಿಯನ್ನೇ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಇದೇ ಕೆಲಸವನ್ನು ಕಾಯದೆ, ಗಾಜಿಲ್ಲದೆ, ಒಂದು ಚೂರು ಹರಳಿನೊಳಗೆ ಮಾಡಿತು. ಸಾಲಿಡ್ ಸ್ಟೇಟ್ ಅಂದರೆ ಇದೇ. ಎರಡೂ ತೂಬೇ. ಒಂದು ದೈವಿಕ, ಇನ್ನೊಂದು ಯಾಂತ್ರಿಕ ಅನ್ನುವವರ ಮಾತನ್ನು ನಂಬಬೇಡ.

ಈಗ ನಿನ್ನ ಮನೆಯ ಲೆಕ್ಕಕ್ಕೆ ಬರೋಣ. ಮಾಮೂಲಿ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಾರ್ಟ್ರಿಜ್ಜಿನ ಮುಳ್ಳಿನಿಂದ ಬರುವುದು ಸುಮಾರು 5 ಮಿಲಿವೋಲ್ಟ್. ಸಿಡಿ ಪ್ಲೇಯರಿನಿಂದ ಬರುವುದು 2 ವೋಲ್ಟ್. ಎರಡಕ್ಕೂ 400 ಪಟ್ಟು ಅಂತರ. ಇವೆರಡನ್ನೂ ಒಂದೇ ಮಣೆಯ ಮೇಲೆ ಕೂರಿಸಬೇಕಾದ್ದರಿಂದ ಪ್ರೀಆಂಪಿನೊಳಗೆ ನಿಜಕ್ಕೂ ಇರುವುದು ಎರಡು ಬೇರೆ ಬೇರೆ ಯಂತ್ರ. ಮುಳ್ಳಿನ ಸದ್ದನ್ನು ಎತ್ತುವುದು ಫೋನೋ ಹಂತ. ಅದು ಎತ್ತಿ ಕೊಟ್ಟದ್ದನ್ನೂ ಸಿಡಿಯಿಂದ ಬಂದದ್ದನ್ನೂ ಆರಿಸಿ, ವಾಲ್ಯೂಮ್ ಹಿಡಿದು, ಪವರ್ ಆಂಪಿಗೆ ದಾಟಿಸುವುದು ಲೈನ್ ಹಂತ. ಅಂಗಡಿಯಲ್ಲಿ ‘ಟ್ಯೂಬ್ ಪ್ರೀಆಂಪ್’ ಅಂತ ತೋರಿಸಿದರೆ (ಟ್ಯೂಬ್ ಅಂದರೂ ವಾಲ್ವೇ) ಈ ಎರಡು ಹಂತದಲ್ಲಿ ಯಾವುದು ಟ್ಯೂಬು ಅಂತ ಕೇಳು. ಎಷ್ಟೋ ಪೆಟ್ಟಿಗೆಗಳಲ್ಲಿ ಫೋನೋ ಹಂತವೇ ಇರುವುದಿಲ್ಲ. ಇದನ್ನು ಕೇಳದೆ ತಂದವರು ಮನೆಯಲ್ಲಿ ಟರ್ನ್‌ಟೇಬಲ್ ಜೋಡಿಸಿ, ಸೊಳ್ಳೆ ಹಾಡಿದ ಹಾಗೆ ಕೇಳಿಸುತ್ತದೆ ಅಂತ ನನ್ನ ಬಳಿ ಹೊತ್ತು ತಂದಿದ್ದಾರೆ.

ಲೈನ್ ಹಂತದ ಬಗ್ಗೆ ಬಹಳ ಜನ ಯೋಚಿಸದ ಒಂದು ಸಂಗತಿಯಿದೆ. ಸಾಮಾನ್ಯ ಪವರ್ ಆಂಪು ತನಗೆ ಬಂದದ್ದನ್ನು ಸುಮಾರು 20 ಪಟ್ಟು ಮಾಡುತ್ತದೆ. ಮನೆಯಲ್ಲಿ ನೆಮ್ಮದಿಯಾಗಿ ಕೇಳುವಾಗ ಸ್ಪೀಕರಿಗೆ ಹೋಗುವುದು ಒಂದು ವ್ಯಾಟಿನ ಆಸುಪಾಸು, ಅಂದರೆ 8 ಓಮಿನ ಸ್ಪೀಕರಿಗೆ 2.83 ವೋಲ್ಟ್. ಇಪ್ಪತ್ತರಿಂದ ಭಾಗಿಸು, ಪವರ್ ಆಂಪಿಗೆ ಬೇಕಾದದ್ದು 0.14 ವೋಲ್ಟ್. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್! ಅಂದರೆ ಪ್ರೀಆಂಪ್ ದಿನವೆಲ್ಲ ಮಾಡುವ ಕೆಲಸ ಸದ್ದನ್ನು ಎತ್ತುವುದಲ್ಲ, ತಗ್ಗಿಸುವುದು. ಹೀಗಿರುವಾಗ ಹತ್ತು ಪಟ್ಟು ಎತ್ತುವ ವಾಲ್ವ್ ಲೈನ್ ಹಂತವನ್ನು ತಂದು ನಡುವೆ ಇಟ್ಟರೆ ಏನಾಗುತ್ತದೆ? ವಾಲ್ಯೂಮ್ ನಾಬು ಗಡಿಯಾರದ ಏಳೂವರೆ ಗಂಟೆಯ ಜಾಗದಿಂದ ಮೇಲೇಳುವ ಹಾಗಿಲ್ಲ. ನಾಬಿನ ಆ ತುದಿಯಲ್ಲಿ ಎಡ ಬಲ ಸಮನಾಗಿರುವುದು ಅಪರೂಪ, ಗಾಯಕರು ಒಂದು ಪಕ್ಕಕ್ಕೆ ಸರಿದು ಕೂತ ಹಾಗೆ ಕೇಳಿಸುತ್ತದೆ. ವಾಲ್ಯೂಮ್ ನಾಬಿನ ಆಚೆಗಿರುವ ವಾಲ್ವಿನ ಸುಂಯ್ ಅನ್ನುವ ಸದ್ದಂತೂ ನೀನು ವಾಲ್ಯೂಮನ್ನು ಎಷ್ಟು ಇಳಿಸಿದರೂ ಇಳಿಯುವುದಿಲ್ಲ. ಇಂಥ ಕಡೆ 12ಎಎಕ್ಸ್7 ವಾಲ್ವು ಬೇಡವೇ ಬೇಡ. ಅದರ ಹಿಗ್ಗಿಸುವ ಶಕ್ತಿ 100. ಅದರ ತಮ್ಮ 12ಎಯು7ನದು ಇಪ್ಪತ್ತರ ಒಳಗೆ. ವಾಲ್ವಿನ ಲೈನ್ ಹಂತ ಬೇಕೇ ಬೇಕು ಅನ್ನಿಸಿದರೆ ಎರಡನೆಯದರ ಸುತ್ತ ಕಟ್ಟಿದ್ದನ್ನು ಹುಡುಕು.

ಇನ್ನೊಂದು, ನನ್ನ ಕೈ ಸುಟ್ಟುಕೊಂಡು ಕಲಿತದ್ದು. ಸುಮಾರು ಇಪ್ಪತ್ತು ವರ್ಷದ ಹಿಂದೆ ಹಳೆಯ ವಾಲ್ವ್ ಪ್ರೀಆಂಪ್ ಒಂದನ್ನು ಒಬ್ಬ ವ್ಯಾಪಾರಿಯ ಹತ್ತಿರ ಕೊಂಡೆ. ಆತ ತನ್ನ ಮನೆಯಲ್ಲಿ ಕೇಳಿಸಿದಾಗ ಮೃದಂಗದ ಎಡಗಡೆಯ ಗುಮ್ಕಿ ಎದೆಗೆ ಬಂದು ತಾಗಿತ್ತು. ನಮ್ಮನೆಗೆ ತಂದು ನನ್ನ ಟ್ರಾನ್ಸಿಸ್ಟರ್ ಪವರ್ ಆಂಪಿಗೆ ಜೋಡಿಸಿದೆ. ಅದೇ ರೆಕಾರ್ಡು, ಆದರೆ ಗುಮ್ಕಿಯೇ ಇಲ್ಲ. ವೀಣೆಯ ಮಂದ್ರದ ತಂತಿ ತೆಳ್ಳಗೆ, ತಗಡು ಬಡಿದ ಹಾಗೆ. ಮೂರು ದಿನ ವಾಲ್ವು ಬದಲಾಯಿಸಿದೆ, ತಂತಿ ಬದಲಾಯಿಸಿದೆ, ಸ್ಪೀಕರನ್ನು ಗೋಡೆಗೆ ಒತ್ತರಿಸಿದೆ. ನಾಲ್ಕನೇ ದಿನ ಮುಚ್ಚಳ ತೆಗೆದು ಹೊರಗೆ ಹೋಗುವ ದಾರಿಯಲ್ಲಿದ್ದ ಕಂಡೆನ್ಸರಿನ ಮೈಮೇಲೆ ಬರೆದದ್ದನ್ನು ಓದಿದೆ: 0.22 ಮೈಕ್ರೋಫ್ಯಾರಡ್. ನನ್ನ ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಬರುವ ಸಿಗ್ನಲಿಗೆ ಅದು ಒಡ್ಡುವ ತಡೆ, 10 ಕಿಲೋಓಮ್. ಕಾಗದ ತಗೊಂಡು ಲೆಕ್ಕ ಹಾಕಿದರೆ 70 ಹರ್ಟ್ಸ್ ಬರುವ ಹೊತ್ತಿಗೆ ಮಂದ್ರದ ಸದ್ದಿನ ಬಲ ಅರ್ಧಕ್ಕೆ ಇಳಿದಿರುತ್ತದೆ. ವ್ಯಾಪಾರಿಯ ಮನೆಯಲ್ಲಿದ್ದದ್ದು ವಾಲ್ವಿನ ಪವರ್ ಆಂಪು, ಅದರ ಇನ್‌ಪುಟ್ 100 ಕಿಲೋಓಮ್. ಅಲ್ಲಿ ಅದೇ ಕಂಡೆನ್ಸರಿಗೆ 7 ಹರ್ಟ್ಸ್‌ವರೆಗೂ ತೊಂದರೆಯಿಲ್ಲ. ಪೆಟ್ಟಿಗೆಯದೂ ತಪ್ಪಲ್ಲ, ಆಂಪಿನದೂ ತಪ್ಪಲ್ಲ, ಕೂಡಿಸಿದ್ದು ತಪ್ಪು. ಎಸ್‌ಪಿ ರೋಡಿಗೆ ಹೋಗಿ 2.2 ಮೈಕ್ರೋಫ್ಯಾರಡಿನ ಎರಡು ಪಾಲಿಪ್ರೊಪಿಲೀನ್ ಕಂಡೆನ್ಸರ್ ತಂದು ಬೆಸೆದೆ. ಸಂಜೆಗೆ ಮೃದಂಗ ಮನೆಗೆ ಬಂತು.

ಆದ್ದರಿಂದ ನಿನ್ನ ಪವರ್ ಆಂಪಿನ ಮ್ಯಾನ್ಯುಯಲ್ ತೆಗೆ. ಕೊನೆಯ ಪುಟದಲ್ಲಿ ಇನ್‌ಪುಟ್ ಇಂಪೀಡೆನ್ಸ್ ಅಂತ ಇರುತ್ತದೆ. ಕೊಳ್ಳುವ ಪ್ರೀಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಅದರ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು. ಸಾಲಿಡ್ ಸ್ಟೇಟಿನಲ್ಲಿ ಇದು ಸಾಮಾನ್ಯವಾಗಿ ನೂರು ಇನ್ನೂರು ಓಮ್, ಹಾಗಾಗಿ ಚಿಂತೆಯಿಲ್ಲ. ವಾಲ್ವಿನಲ್ಲಿ ಕೊನೆಗೆ ಕ್ಯಾಥೋಡ್ ಫಾಲೋಯರ್ ಅನ್ನುವ ಜೋಡಣೆ ಇದ್ದರೆ ಕೆಲವು ನೂರು, ಇಲ್ಲದಿದ್ದರೆ ಸಾವಿರಗಳ ಲೆಕ್ಕ. ಮಾರುವವರಿಗೆ ಈ ಅಂಕಿ ಗೊತ್ತಿಲ್ಲವೆಂದರೆ ಅಲ್ಲಿಂದ ಎದ್ದು ಬಾ.

ಇನ್ನು ‘ವಾಲ್ವಿನ ಸದ್ದು ಬೆಚ್ಚಗೆ’ ಅನ್ನುವ ಮಾತು. ಇದರಲ್ಲಿ ನಿಜ ಎಷ್ಟು? ನಿನಗೆ ಸಂಗೀತ ಗೊತ್ತಿರುವುದರಿಂದ ಸ್ವರದಲ್ಲೇ ಹೇಳುತ್ತೇನೆ. ಯಾವ ಆಂಪ್ಲಿಫೈಯರೂ ತನಗೆ ಕೊಟ್ಟ ಸ್ವರಕ್ಕೆ ಒಂದಿಷ್ಟು ತನ್ನದನ್ನು ಸೇರಿಸಿಯೇ ಕೊಡುತ್ತದೆ. ನೀನು ಷಡ್ಜ ಕೊಟ್ಟರೆ ಅದು ಸೇರಿಸುವ ಎರಡನೆಯ ಹಾರ್ಮೋನಿಕ್ ತಾರಸ್ಥಾಯಿಯ ಷಡ್ಜ. ಮೂರನೆಯದು ಅದರ ಮೇಲಿನ ಪಂಚಮ. ನಾಲ್ಕನೆಯದು ಮತ್ತೆ ಷಡ್ಜ. ಐದನೆಯದು ಅಂತರ ಗಾಂಧಾರ, ಚೆನ್ನಾಗಿ ಶ್ರುತಿ ಮಾಡಿ ಜೀವಾಳಿ ಇಟ್ಟ ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಕೇಳಿಸುತ್ತದಲ್ಲ, ಅದೇ. ಏಳನೆಯದು ಮಾತ್ರ ನಿಷಾದದ ಹತ್ತಿರ ಸುಳಿದಾಡಿ ನಮ್ಮ ಯಾವ ಸ್ವರಸ್ಥಾನದಲ್ಲೂ ಕೂರುವುದಿಲ್ಲ. ಕ್ಯಾಥೋಡ್, ಗ್ರಿಡ್, ಪ್ಲೇಟು ಮೂರೇ ಇರುವ ಟ್ರಯೋಡ್ ವಾಲ್ವು ಸೇರಿಸುವುದರಲ್ಲಿ ಹೆಚ್ಚಿನ ಪಾಲು ಎರಡನೆಯದು. ಷಡ್ಜಕ್ಕೆ ತಾರ ಷಡ್ಜ ಕೂಡಿದರೆ ಕಿವಿಗೆ ಅದು ಅಪಸ್ವರವಲ್ಲ, ಸ್ವರ ಕೊಂಚ ಮೈತುಂಬಿದ ಹಾಗೆ ಕೇಳುತ್ತದೆ. ಒಂಟಿ ಕೊಳಲು, ಒಂಟಿ ಕಂಠ, ಮಲ್ಲಿಕಾರ್ಜುನ ಮನ್ಸೂರರ ಆಲಾಪ, ಇವಕ್ಕೆ ಅದು ಹಿತ. ಹಿತವಾಗಿರುವುದು ಸುಳ್ಳಲ್ಲ.

ಆದರೆ ಇದರ ಇನ್ನೊಂದು ಮಗ್ಗುಲನ್ನು ಯಾರೂ ಹೇಳುವುದಿಲ್ಲ. ಎರಡು ಮೂರು ಸ್ವರ ಒಟ್ಟಿಗೆ ಬಂದಾಗ ಅದೇ ಗುಣ ಅವುಗಳ ನಡುವೆ ಕೂಡುವ ಕಳೆಯುವ ಲೆಕ್ಕದಿಂದ ಹೊಸ ಸದ್ದುಗಳನ್ನು ಹುಟ್ಟಿಸುತ್ತದೆ, ಅವಕ್ಕೆ ಶ್ರುತಿಯ ಹಂಗಿಲ್ಲ. ನಾಗಸ್ವರ, ಡೋಲು, ತಾಳ ಒಟ್ಟಿಗೆ ಏರಿದ ಹೊತ್ತಿನಲ್ಲಿ ಕಳಪೆ ವಾಲ್ವ್ ಪೆಟ್ಟಿಗೆ ಎಲ್ಲವನ್ನೂ ಕಲಸಿದ ಅನ್ನ ಮಾಡಿಬಿಡುತ್ತದೆ. ಒಳ್ಳೆಯ ಪೆಟ್ಟಿಗೆಯಲ್ಲಿ ಹೀಗಾಗದು, ಯಾಕೆಂದರೆ ಒಳ್ಳೆಯದರಲ್ಲಿ ಸೇರಿಕೆಯೇ ಅಷ್ಟು ಕಡಿಮೆ. ಆಗ ‘ಬೆಚ್ಚಗೆ’ ಅನ್ನುವುದೂ ಅಷ್ಟೇ ಕಡಿಮೆ! ಚೆನ್ನಾಗಿ ಕಟ್ಟಿದ ವಾಲ್ವ್ ಪ್ರೀಆಂಪೂ ಚೆನ್ನಾಗಿ ಕಟ್ಟಿದ ಸಾಲಿಡ್ ಸ್ಟೇಟೂ ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಐವತ್ತು ವರ್ಷ ಇದರಲ್ಲೇ ಕಳೆದ ನಾನು ಕಣ್ಣು ಮುಚ್ಚಿ ಹೇಳಲಾರೆ. ಇದನ್ನು ಪರೀಕ್ಷಿಸಿ ನೋಡಿಯೇ ಹೇಳುತ್ತಿದ್ದೇನೆ.

ನಾವು ನಾಲ್ಕು ಜನ ಹಳೆಯ ಸ್ನೇಹಿತರು ನಮ್ಮನೆ ಹಾಲಿನಲ್ಲಿ ಕೂತು ಎರಡು ಪ್ರೀಆಂಪ್ ಹೋಲಿಸಿದೆವು, ಒಂದು ವಾಲ್ವಿನದು, ಒಂದು ಎನ್‌ಇ5532 ಐಸಿ ಇರುವ ಸಾಧಾರಣ ಪೆಟ್ಟಿಗೆ. ಮೊದಲ ಸುತ್ತಿನಲ್ಲಿ ನಾಲ್ವರೂ ವಾಲ್ವಿಗೇ ಕೈ ಎತ್ತಿದೆವು. ಆಮೇಲೆ ನನಗೇ ಅನುಮಾನ ಬಂತು. ಫೋನಿನಿಂದ 400 ಹರ್ಟ್ಸಿನ ಒಂದೇ ಸಮನಾದ ಸದ್ದು ಹಾಕಿ ಸ್ಪೀಕರಿನ ತಿರುಪಿಗೆ ಮಲ್ಟಿಮೀಟರ್ ಇಟ್ಟೆ. ಐಸಿಯಲ್ಲಿ 1.00 ವೋಲ್ಟ್, ವಾಲ್ವಿನಲ್ಲಿ 1.12. ಒಂದು ಡೆಸಿಬೆಲ್‌ನಷ್ಟು ಜೋರು. ಅಷ್ಟು ವ್ಯತ್ಯಾಸ ಕಿವಿಗೆ ಜೋರು ಅಂತ ಅನ್ನಿಸುವುದಿಲ್ಲ ಮಗೂ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಎರಡನ್ನೂ 1.00ಕ್ಕೆ ತಂದು, ನನ್ನ ಮೊಮ್ಮಗಳನ್ನು ಪರದೆಯ ಹಿಂದೆ ಕೂರಿಸಿ, ಅವಳಿಗೆ ತೋಚಿದ ಹಾಗೆ ಬದಲಾಯಿಸಲು ಹೇಳಿದೆವು. ಹನ್ನೆರಡು ಸಲ ಬದಲಾಯಿಸಿದಳು. ನನ್ನವು ಏಳು ಸರಿ, ಐದು ತಪ್ಪು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ನೀನೂ ಹೀಗೇ ಮಾಡು. 1.01 ಆದರೆ ಪರವಾಗಿಲ್ಲ, 1.10 ಆದರೆ ಆ ಹೋಲಿಕೆಯನ್ನೇ ಬಿಟ್ಟುಬಿಡು. ಅಂಗಡಿಯಲ್ಲಿ ಅವರು ಮೀಟರ್ ಇಡಲು ಒಪ್ಪದಿದ್ದರೆ, ಒಂದು ವಾರಕ್ಕೆ ಮನೆಗೆ ಕೊಡಿ ಅಂತ ಕೇಳು. ನಿನ್ನ ಕೋಣೆಯೂ ನಿನ್ನ ಸ್ಪೀಕರೂ ಮಾಡುವ ವ್ಯತ್ಯಾಸದ ಮುಂದೆ ಪ್ರೀಆಂಪಿನದು ಬಹಳ ಚಿಕ್ಕದು.

ಫೋನೋ ಹಂತದ ಮಾತು ಬೇರೆ. ಅಲ್ಲಿ ವ್ಯತ್ಯಾಸ ಕಿವಿಗೆ ಕೇಳಿಸುತ್ತದೆ, ಅದೂ ಹೆಚ್ಚಾಗಿ ಸದ್ದಿಲ್ಲದ ಜಾಗದಲ್ಲಿ. ರೆಕಾರ್ಡು ಕೆತ್ತುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿ ಕೆತ್ತಿರುತ್ತಾರೆ, ಇಲ್ಲದಿದ್ದರೆ ಮಂದ್ರದ ಅಲೆಗಳಿಗೆ ಗೀರು ಅಗಲವಾಗಿ ಹರಡಿ ಒಂದು ಬದಿಯಲ್ಲಿ ಇಷ್ಟು ಹೊತ್ತಿನ ಸಂಗೀತ ಹಿಡಿಯುತ್ತಿರಲಿಲ್ಲ. 1950ರ ದಶಕದ ನಡುವಿನಿಂದ ಇದಕ್ಕೆ ಆರ್‌ಐಎಎ ಅನ್ನುವ ಒಂದೇ ಕಟ್ಟಳೆ. ನುಡಿಸುವಾಗ ಫೋನೋ ಹಂತ ಅದನ್ನು ತಿರುಗಿಸಿ ಸರಿಮಾಡಬೇಕು. ನಡುವಿನ ಸ್ವರಗಳಿಗೆ ಹೋಲಿಸಿದರೆ 20 ಹರ್ಟ್ಸನ್ನು ಸುಮಾರು ಹತ್ತು ಪಟ್ಟು ಎತ್ತಬೇಕು, 20,000 ಹರ್ಟ್ಸನ್ನು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಸಬೇಕು. ನಮ್ಮ ಮನೆಯ ಕರೆಂಟು ಎಷ್ಟು? 50 ಹರ್ಟ್ಸ್. ಆ ಜಾಗದಲ್ಲಿ ಆರ್‌ಐಎಎ ಎತ್ತುವುದು ಏಳು ಪಟ್ಟು. ಫೋನೋ ಹಂತ ಹೇಗೂ ಎಲ್ಲವನ್ನೂ ಎತ್ತುವ ನೂರು ಪಟ್ಟಿಗೆ ಇದನ್ನು ಗುಣಿಸು, ಏಳುನೂರು. ಕರೆಂಟಿನ ಗುಂಯ್ ಒಂದು ಎಳೆ ಒಳಗೆ ನುಸುಳಿದರೂ ಏಳುನೂರು ಎಳೆಯಾಗಿ ಹೊರಗೆ ಬರುತ್ತದೆ. ವಾಲ್ವಿನ ಹೀಟರನ್ನು ಬರೀ ಎಸಿಯಲ್ಲಿ ಕಾಯಿಸುವ ಅಗ್ಗದ ಫೋನೋ ಪೆಟ್ಟಿಗೆಗಳಲ್ಲಿ ಈ ಗುಂಯ್ ತಪ್ಪಿಸುವುದು ಬಲು ಕಷ್ಟ. ಡಿಸಿ ಮಾಡಿ, ರೆಗ್ಯುಲೇಟ್ ಮಾಡಿ, ಟ್ರಾನ್ಸ್‌ಫಾರ್ಮರನ್ನು ದೂರ ಇಟ್ಟು ಕಟ್ಟಿದವುಗಳ ಬೆಲೆ ನಿನ್ನ ಟರ್ನ್‌ಟೇಬಲನ್ನು ಮೀರುತ್ತದೆ. ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಜ್ ಆದರೆ ಸಾಮಾನ್ಯವಾಗಿ ಬರುವುದೇ ಅರ್ಧ ಮಿಲಿವೋಲ್ಟು, ಕೆಲವದರಲ್ಲಿ ಅದಕ್ಕೂ ಕಮ್ಮಿ. ಬರೀ ವಾಲ್ವಿಗೆ ಅದು ಭಾರ, ಮುಂದೆ ಒಂದು ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಬೇಕಾಗುತ್ತದೆ.

ಹೀಗಾಗಿ ಮೊದಲ ಸಲ ಕೊಳ್ಳುವವನಿಗೆ ಫೋನೋ ಹಂತ ಸಾಲಿಡ್ ಸ್ಟೇಟೇ ಇರಲಿ ಅನ್ನುತ್ತೇನೆ. ಪರೀಕ್ಷೆ ಸುಲಭ. ಮುಳ್ಳನ್ನು ಎತ್ತಿಟ್ಟು, ನೀನು ಮಾಮೂಲಾಗಿ ಕೇಳುವ ವಾಲ್ಯೂಮಿಗೆ ತಿರುಗಿಸಿ, ಕೂರುವ ಜಾಗದಲ್ಲಿ ಕೂತು ಕಿವಿಗೊಡು. ಏನೂ ಕೇಳಿಸಬಾರದು. ಆಮೇಲೆ ತಂಬೂರಿಯಿಂದ ಶುರುವಾಗುವ ಯಾವುದಾದರೂ ರೆಕಾರ್ಡು ಹಾಕು. ತಂಬೂರಿಯ ಕೊನೆಯ ತಂತಿ ಮೀಟಿ ಮತ್ತೆ ಪಂಚಮಕ್ಕೆ ಬರುವ ನಡುವಿನ ಬಿಡುವಿನಲ್ಲಿ ಆ ನಾದ ಹೇಗೆ ಇಳಿಯುತ್ತದೆ ಅಂತ ಕೇಳು. ಗುಂಯ್ ಇದ್ದರೆ ಅದು ಅಲ್ಲಿ ತಂಬೂರಿಯ ಶ್ರುತಿಯನ್ನೇ ಕೆಡಿಸುತ್ತದೆ, ಮುಚ್ಚಿಡಲಾಗದು.

ತಾತನ ರೆಕಾರ್ಡುಗಳಲ್ಲಿ ಹಳೆಯ ಮೋನೋ ಎಲ್‌ಪಿಗಳು ಬಹಳ ಇವೆ. ಅವಕ್ಕೆ ವಾಲ್ವೋ ಟ್ರಾನ್ಸಿಸ್ಟರೋ ಅನ್ನುವುದಕ್ಕಿಂತ ಮುಖ್ಯವಾದದ್ದು ಪ್ರೀಆಂಪಿನಲ್ಲಿ ಮೋನೋ ಸ್ವಿಚ್ಚು. ಅದನ್ನು ಒತ್ತಿದರೆ ಮುಳ್ಳು ಮೇಲೆ ಕೆಳಗೆ ಕುಣಿದು ಹುಟ್ಟಿಸುವ ಕರಕರ ಬಹುಪಾಲು ಒಂದನ್ನೊಂದು ಅಳಿಸಿಕೊಂಡು ಹೋಗುತ್ತದೆ. ಎರಡು ರೂಪಾಯಿಯ ಸ್ವಿಚ್ಚು ಎರಡು ಸಾವಿರದ ವಾಲ್ವು ಮಾಡದ ಉಪಕಾರ ಮಾಡುತ್ತದೆ. 78ರ ಅರಗಿನ ತಟ್ಟೆಗಳನ್ನು ಮಾತ್ರ ಈ ಮುಳ್ಳಿನಲ್ಲಿ ಹಾಕಬೇಡ. ಅವುಗಳ ಗೀರು ಅಗಲ, ಬೇರೆ ಮುಳ್ಳು ಬೇಕು.

ವಾಲ್ವನ್ನು ಸಾಕುವುದು ಅಂದರೆ ಏನು ಅಂತಲೂ ತಿಳಿದುಕೊ. ಹೀಟರಿಗೆ 6.3 ವೋಲ್ಟ್ ಬೇಕು, ನೂರಕ್ಕೆ ಹತ್ತರಷ್ಟು ಹೆಚ್ಚು ಕಡಿಮೆ ತಡೆಯುತ್ತದೆ. ಬೇಸಿಗೆಯ ಸಂಜೆ ನಿಮ್ಮೂರಲ್ಲಿ 230 ಇರಬೇಕಾದ ಲೈನು 190ಕ್ಕೆ ಇಳಿಯುತ್ತದೆ ಅಂತ ನಿಮ್ಮಮ್ಮ ಫ್ರಿಜ್ಜಿನ ವಿಷಯಕ್ಕೆ ಹೇಳುತ್ತಿರುತ್ತಾಳಲ್ಲ, ಆಗ ರೆಗ್ಯುಲೇಟರ್ ಇಲ್ಲದ ಪೆಟ್ಟಿಗೆಯಲ್ಲಿ ಹೀಟರಿಗೆ ಸಿಗುವುದು 5.2. ವಾಲ್ವು ಸೊರಗುತ್ತದೆ. ದಿನಕ್ಕೆ ಮೂರು ಗಂಟೆ ಕೇಳಿದರೆ ವರ್ಷಕ್ಕೆ ಸಾವಿರ ಗಂಟೆಗೂ ಮೇಲಾಯಿತು. ಪ್ರೀಆಂಪಿನ ಸಣ್ಣ ವಾಲ್ವು ಐದು ಸಾವಿರ ಗಂಟೆಗೆ ಮೋಸವಿಲ್ಲ, ಕೆಲವು ಹತ್ತು ಸಾವಿರವೂ ಬರುತ್ತವೆ. ಆಮೇಲೆ ಹೊಸದು ಹಾಕಬೇಕು. ಬಿಇಎಲ್ ಈಗ ಅವನ್ನು ಮಾಡುವುದಿಲ್ಲ. ಹೊಸವು ಬರುವುದು ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೋವ್, ಇಲ್ಲವೇ ಚೀನಾದಿಂದ. ‘ಹಳೆಯ ದಾಸ್ತಾನು, ಬಳಸದ್ದು’ ಅಂತ ದುಬಾರಿ ಬೆಲೆಗೆ ಮಾರುವವುಗಳಲ್ಲಿ ಅಕ್ಷರ ಅಳಿಸಿ ಹೊಸ ಹೆಸರು ಒತ್ತಿದವೂ ಇರುತ್ತವೆ, ಪರೀಕ್ಷಿಸುವ ಯಂತ್ರವಿಲ್ಲದೆ ಕೊಳ್ಳಬೇಡ. ಹೊಸ ವಾಲ್ವು ಹಾಕಿದ ಮೇಲೆ ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟು. ಸ್ಪೀಕರಿನಲ್ಲಿ ಸಣ್ಣಗೆ ಟಿಕ್ ಅಂದರೆ ಸಹಜ, ಗಂಟೆ ಹೊಡೆದ ಹಾಗೆ ಟಿಂಯ್ ಅಂತ ಉಳಿದರೆ ಅದು ಒಡೆಯನ ಹೆಜ್ಜೆ ಸದ್ದನ್ನೂ ಹಾಡಿಗೆ ಸೇರಿಸುವ ವಾಲ್ವು, ಬದಲಾಯಿಸು.

ಒಂದು ಎಚ್ಚರಿಕೆ ಮರೆಯಬೇಡ. ಒಂಬತ್ತು ಕಾಲಿನ ಈ ಸಣ್ಣ ವಾಲ್ವುಗಳೆಲ್ಲ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ, ಆದರೆ ಒಳಗಿನ ಜೋಡಣೆ ಒಂದೇ ಅಲ್ಲ. 12ಎಎಕ್ಸ್7 ಇದ್ದ ಜಾಗಕ್ಕೆ ಇಸಿಸಿ88 ಹಾಕಿದರೆ ಹೀಟರಿನ ತಂತಿಗಳು ತಪ್ಪು ಕಾಲಿಗೆ ಬೀಳುತ್ತವೆ. ಪೆಟ್ಟಿಗೆಯ ಮೇಲೆ ಬರೆದ ನಂಬರನ್ನು ಮಾತ್ರ ಹಾಕು. ವಾಲ್ವು ಪೆಟ್ಟಿಗೆಯೊಳಗಿದ್ದರೆ ಬದಲಾಯಿಸುವ, ತಟ್ಟುವ ಕೆಲಸ ನನಗೆ ಬಿಡು, ಮುಚ್ಚಳವನ್ನಂತೂ ನೀನು ತೆಗೆಯಲೇಬೇಡ. ಒಳಗೆ 250, 300 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳು ಅದನ್ನು ಹಿಡಿದುಕೊಂಡಿರುತ್ತವೆ. ನಮ್ಮ ಅಂಗಡಿಯ ಗುರುಗಳು ಮೊದಲ ದಿನವೇ ನನಗೆ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ಬಲಗೈಯಲ್ಲಿ ಮೀಟರ್ ಹಿಡಿಯಲು ಕಲಿಸಿದರು. ಎರಡು ಕೈಯೂ ಒಳಗಿದ್ದರೆ ಕರೆಂಟು ಎದೆಯ ಮೂಲಕ ದಾಟುತ್ತದೆ. ಬಿಸಿ ಅರಸಿಕೊಂಡು ಹಲ್ಲಿ, ಜಿರಳೆ ಒಳಗೆ ಹೋಗುತ್ತವೆ, ನಾನೇ ಎಷ್ಟು ತೆಗೆದಿದ್ದೇನೋ ಲೆಕ್ಕವಿಲ್ಲ. ಗಾಳಿ ಕಿಂಡಿಗೆ ಒಳಗಿನಿಂದ ಸಣ್ಣ ಜಾಲರಿ ಹಾಕಿಸು. ಸಾಲಿಡ್ ಸ್ಟೇಟಿಗೂ ಮುಪ್ಪಿಲ್ಲ ಅಂತಲ್ಲ, ಹದಿನೈದು ಇಪ್ಪತ್ತು ವರ್ಷಕ್ಕೆ ಎಲೆಕ್ಟ್ರೊಲಿಟಿಕ್ ಕಂಡೆನ್ಸರು ಒಣಗುತ್ತವೆ. ಆದರೆ ಅದರ ಐಸಿ ಹೋದರೆ ಎರಡು ಕಾಫಿಯ ದುಡ್ಡಿಗೆ ಇನ್ನೊಂದು ಸಿಗುತ್ತದೆ.

ಮತ್ತೆ ಈಗೀಗ ಬರುವ ಅಂಗೈ ಅಗಲದ ಪೆಟ್ಟಿಗೆಗಳು. ಮೇಲೆ ಎರಡು ವಾಲ್ವು ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತಿರುತ್ತವೆ. ಬಹಳಷ್ಟರಲ್ಲಿ ಆ ಹೊಳಪು ವಾಲ್ವಿನದಲ್ಲ, ಸಾಕೆಟ್ಟಿನ ಕೆಳಗಿಟ್ಟ ಎಲ್‌ಇಡಿಯದು. ನಿಜವಾದ ಹೀಟರಿನ ಬೆಳಕು ತೀರ ಮಂದ, ದೀಪ ಆರಿಸಿದ ಕೋಣೆಯಲ್ಲಿ ಒಲೆಯ ಕೊನೆಯ ಕೆಂಡದ ಹಾಗೆ ವಾಲ್ವಿನ ನಡುಮಧ್ಯೆ ಕಾಣುತ್ತದೆ. 250 ವೋಲ್ಟ್ ಬೇಡುವ ವಾಲ್ವಿಗೆ 12, 24 ವೋಲ್ಟ್ ಕೊಟ್ಟು, ಅದನ್ನು ಹೆಸರಿಗೆ ನಿಲ್ಲಿಸಿ, ಕೆಲಸವನ್ನೆಲ್ಲ ಹಿಂದಿನ ಐಸಿಯಿಂದ ಮಾಡಿಸುವವೂ ಇವೆ. ‘ಪ್ಲೇಟ್ ವೋಲ್ಟೇಜ್ ಎಷ್ಟು’ ಅಂತ ಒಂದು ಪ್ರಶ್ನೆ ಕೇಳು. ಅವರಿಗೆ ಉತ್ತರ ಗೊತ್ತಿದೆಯೋ ಇಲ್ಲವೋ ಅನ್ನುವುದರಲ್ಲೇ ಅರ್ಧ ತಿಳಿಯುತ್ತದೆ. ಐಸಿಯದೇ ಬೇಕಿದ್ದರೆ ಐಸಿಯ ಬೆಲೆಗೆ ಕೊಳ್ಳು.

‘ಮಾಮ, ನೀವು ಕೇಳುವುದು ಯಾವುದರಲ್ಲಿ’ ಅಂತ ನೀನು ಕೇಳೇ ಕೇಳುತ್ತೀಯ. ವಾಲ್ವಿನಲ್ಲೇ. ಗುಮ್ಕಿ ನುಂಗಿತ್ತು ಅಂದೆನಲ್ಲ, ಅದೇ ಪೆಟ್ಟಿಗೆ. ರಾತ್ರಿ ಊಟ ಮುಗಿಸಿ ಅದನ್ನು ಹಾಕಿ, ಅದು ಕಾಯುವ ಒಂದು ನಿಮಿಷದಲ್ಲಿ ರೆಕಾರ್ಡು ಆರಿಸುವುದು ನನಗೆ ದೇವರ ಮನೆಯಲ್ಲಿ ಬತ್ತಿ ಹೊಸೆದ ಹಾಗೆ ಅಭ್ಯಾಸವಾಗಿದೆ. ನನ್ನ ಪವರ್ ಆಂಪೂ ಈಗ ವಾಲ್ವಿನದು, ಒಂದಕ್ಕೊಂದು ಹೊಂದುತ್ತವೆ. ಕೆಟ್ಟರೆ ನನ್ನ ಮೇಜಿನ ಮೇಲೆಯೇ ರಿಪೇರಿಯಾಗುತ್ತದೆ, ಬಿಡಿಭಾಗ ಡಬ್ಬಿಯಲ್ಲಿವೆ. ನಾನು ಅದನ್ನು ಇಟ್ಟುಕೊಂಡಿರುವುದಕ್ಕೆ ಈ ಎರಡೇ ಕಾರಣ. ನಿನ್ನ ಬಳಿ ಇವೆರಡೂ ಇಲ್ಲ.

ಅದಕ್ಕೆ ನಿನಗೆ ನನ್ನ ಸಲಹೆ ಇಷ್ಟು. ಸಾಲಿಡ್ ಸ್ಟೇಟಿನ ಒಳ್ಳೆಯ ಫೋನೋ ಪೆಟ್ಟಿಗೆ ಒಂದನ್ನು ಕೊಳ್ಳು, ಮೋನೋ ಸ್ವಿಚ್ಚು ಇದ್ದರೆ ಲೇಸು, ಇಲ್ಲದಿದ್ದರೆ ನಾನು ಹಾಕಿಕೊಡುತ್ತೇನೆ. ಲೈನ್ ಹಂತಕ್ಕೆ ಈಗಲೇ ದುಡ್ಡು ಸುರಿಯಬೇಡ. ಮುಳ್ಳಿನ 5 ಮಿಲಿವೋಲ್ಟನ್ನು ಫೋನೋ ಪೆಟ್ಟಿಗೆ ನೂರು ಪಟ್ಟು ಮಾಡಿದರೆ ಅರ್ಧ ವೋಲ್ಟಾಯಿತು, ನಿನಗೆ ಬೇಕಾದದ್ದು 0.14. ಒಂದು ಸೆಲೆಕ್ಟರು, ಒಂದು ಒಳ್ಳೆಯ 10 ಕಿಲೋಓಮಿನ ವಾಲ್ಯೂಮು, ಒಂದು ಅಲ್ಯುಮಿನಿಯಂ ಡಬ್ಬಿ, ಕರೆಂಟೇ ಬೇಡದ ಪ್ರೀಆಂಪ್ ಆಯಿತು. ತಂತಿ ಮೂರಡಿಯೊಳಗಿರಲಿ. ಅದರಲ್ಲಿ ಒಂದು ವರ್ಷ ತಾತನ ರೆಕಾರ್ಡುಗಳನ್ನು ಪೂರ್ತಿ ಕೇಳು. ಮಿಕ್ಕ ದುಡ್ಡಿಗೆ ಒಳ್ಳೆಯ ಮುಳ್ಳು ಹಾಕಿಸು, ಹಾಲಿನ ಬರಿಗೋಡೆಗೆ ದಪ್ಪ ಪರದೆ ಬಿಡು. ವರ್ಷದ ಮೇಲೂ ವಾಲ್ವಿನ ಆಸೆ ಉಳಿದಿದ್ದರೆ 12ಎಯು7ನ ಲೈನ್ ಹಂತವೊಂದನ್ನು ಇಬ್ಬರೂ ಕೂತು ಕಟ್ಟೋಣ, ಕಾಯಿಲ್ ಸುತ್ತಿಸಿದ ಟ್ರಾನ್ಸ್‌ಫಾರ್ಮರ್ ಒಂದು ನನ್ನ ಹತ್ತಿರ ಇನ್ನೂ ಇದೆ.

ಹಬ್ಬಕ್ಕೆ ಬರುವಾಗ ನಿನ್ನ ಪವರ್ ಆಂಪಿನ ಮ್ಯಾನ್ಯುಯಲ್ ತಗೊಂಡು ಬಾ. ಸಿಗದಿದ್ದರೆ ಆಂಪನ್ನೇ ಕಾರಿನಲ್ಲಿ ಹಾಕಿಕೊಂಡು ಬಾ, ಇನ್‌ಪುಟ್ ಎಷ್ಟು ಅಂತ ಮೀಟರಿಟ್ಟು ಅಳೆದೇ ನೋಡೋಣ. ತಾತನ ಪೆಟ್ಟಿಗೆಯಿಂದ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ರೆಕಾರ್ಡೂ ಇರಲಿ.